ಮಂದಾರದ ಕೇಸರ ಎಣಿಸಿದ್ದು

ಫೆಬ್ರವರಿಯ ಒಂದು ಮಧ್ಯಾಹ್ನ ನಮ್ಮ ಸೌದೆ ಕೊಟ್ಟಿಗೆಯ ತಗಡಿನ ಶೀಟಿನ ಮೇಲೆ 'ಪಟ್' ಎಂದು ಏನೋ ಬಿದ್ದ ಸದ್ದಾಯಿತು. ಅತ್ತೆ ಜಗಲಿಯಲ್ಲಿ ಕಾಳುಮೆಣಸು ಆರಿಸುತ್ತ ಕುಳಿತಿದ್ದವರು ತಲೆಯೆತ್ತದೆಯೇ, "ಮಂಗ ಬಂತು, ಹೋಗಿ ಓಡಿಸು" ಎಂದರು. ನಾನು ಕೋಲು ಹಿಡಿದು ಹೋಗಿ ನೋಡಿದರೆ ಮಂಗವೂ ಇಲ್ಲ, ಕಲ್ಲೆಸೆಯುವ ಮಕ್ಕಳೂ ಇಲ್ಲ. ಹಿಂತಿರುಗಿ ಬಾಗಿಲು ದಾಟುವಷ್ಟರಲ್ಲಿ ಮತ್ತೆ ಅದೇ ಸದ್ದು, ಅದರ ಬೆನ್ನಿಗೇ ಶೀಟಿನ ಮೇಲೆ ಏನೋ ಉರುಳಿದ ಸದ್ದು. ಮೂರನೆಯ ಸಲಕ್ಕೆ ಕಾದು ನಿಂತೆ. ಕೊಟ್ಟಿಗೆಯ ಮೇಲೆ ಬಾಗಿದ್ದ ಹೂವಿನ ಮರದ ಒಂದು ಕಾಯಿ ನನ್ನ ಕಣ್ಣೆದುರಿಗೇ ಸಿಡಿದು ಎರಡು ಹೋಳಾಯಿತು. ಗೇಣುದ್ದದ ಚಪ್ಪಟೆ ಕಾಯಿಯ ಆ ಎರಡು ಹೋಳುಗಳೂ ಬಡಗಿಯ ಕೀಸುಳಿಯಿಂದ ಎದ್ದ ಹೆರೆಯಂತೆ ಸುರುಳಿ ಸುತ್ತಿಕೊಂಡು ಕೆಳಗೆ ಬಿದ್ದವು. ಕೈಗೆತ್ತಿಕೊಂಡು ನೋಡಿದಾಗ ಒಂದು ಎಡಕ್ಕೆ ತಿರುಚಿಕೊಂಡಿತ್ತು, ಇನ್ನೊಂದು ಬಲಕ್ಕೆ. ಬಿಲ್ಲೆಯಂತಹ ಕಂದು ಬೀಜಗಳು ಮಾತ್ರ ಅಷ್ಟು ದೂರದ ಬಾವಿಕಟ್ಟೆಯ ಹತ್ತಿರ ಸಿಕ್ಕವು.

ಕಾಯಿ ಸಿಡಿಯುವುದರಲ್ಲಿ ಸೋಜಿಗವೇನೂ ಇಲ್ಲ. ಸಿಪ್ಪೆಯೊಳಗೆ ನಾರಿನ ಎರಡು ಪದರಗಳು ಒಂದಕ್ಕೊಂದು ಓರೆಯಾಗಿ ಹೆಣೆದುಕೊಂಡಿರುತ್ತವೆ. ಬಿಸಿಲಿಗೆ ಒಣಗುವಾಗ ಅವು ಬೇರೆ ಬೇರೆ ದಿಕ್ಕಿಗೆ ಕುಗ್ಗುತ್ತವೆ. ಅಂಚಿನ ಬೆಸುಗೆ ತಡೆದುಕೊಳ್ಳುವವರೆಗೆ ತಡೆದು, ಆಮೇಲೆ ಒಮ್ಮೆಲೇ ಬಿಟ್ಟುಕೊಡುತ್ತದೆ. ನನಗೆ ತೊಡಕಾದದ್ದು ಬೇರೆಯೇ ಸಂಗತಿ. ನಮ್ಮ ಮರ ಕಾಯಿ ಬಿಡಲೇ ಕೂಡದಿತ್ತು.

ನಾಲ್ಕು ಮಳೆಗಾಲಗಳ ಹಿಂದೆ, ಸೋಮವಾರಪೇಟೆಯ ಅಂಚಿನ ಈ ಮನೆಗೆ ನಾವು ಬಂದ ವರ್ಷವೇ, ಒಂದು ನರ್ಸರಿಯಿಂದ ಮೊಣಕಾಲೆತ್ತರದ ಆ ಗಿಡವನ್ನು 350 ರೂಪಾಯಿ ಕೊಟ್ಟು ತಂದಿದ್ದೆ. ಅಂಗಳ ಚಿಕ್ಕದು, ದೊಡ್ಡ ಮರ ಬೇಡ, ಇಪ್ಪತ್ತಡಿಯೊಳಗೆ ನಿಲ್ಲುವ ಹೂವಿನ ಮರ ಬೇಕು ಎಂದು ಕೇಳಿದ್ದೆ. ಅಲ್ಲಿಯವರು ಎರಡು ಹೋಳಿನ ಎಲೆಯ ಈ ಗಿಡವನ್ನು ತೋರಿಸಿ, "ಇದು ಹಾಂಗ್‌ಕಾಂಗ್ ಗಿಡ ಅಕ್ಕಾ, ಹೂವು ಮಾತ್ರ, ಕಾಯಿ ಇಲ್ಲ, ಅಂಗಳದಲ್ಲಿ ಕಸ ಬೀಳುವುದಿಲ್ಲ" ಎಂದಿದ್ದರು. ನಾಲ್ಕನೆಯ ವರ್ಷದ ಅಕ್ಟೋಬರಿನಲ್ಲಿ ಮರ ಮೊದಲ ಸಲ ಗುಲಾಬಿ-ನೇರಳೆ ಹೂ ಬಿಟ್ಟಾಗ, ಮನೆಗೆ ಬಂದವರಿಗೆಲ್ಲ ನಾನು ಆ ಮಾತನ್ನೇ ಇನ್ನಷ್ಟು ಒಗ್ಗರಣೆ ಹಾಕಿ ಹೇಳುತ್ತ ಬಂದೆ. ಹೇಳುವುದಕ್ಕೆ ತಕ್ಕಂತೆ ಕಥೆಯೂ ಚೆನ್ನಾಗಿತ್ತು.

ಆ ಕಥೆ ನಿಜವಾದದ್ದೇ. 1880ರ ಸುಮಾರಿಗೆ ಹಾಂಗ್‌ಕಾಂಗ್ ದ್ವೀಪದ ಕಡಲ ದಡದಲ್ಲಿ, ಪಾಳುಬಿದ್ದ ಒಂದು ಮನೆಯ ಬಳಿ, ಫ್ರೆಂಚ್ ಪಾದ್ರಿಯೊಬ್ಬರ ಕಣ್ಣಿಗೆ ಒಂದೇ ಒಂದು ಮರ ಬಿತ್ತು. ಅದರ ಕಡ್ಡಿಗಳಿಂದ ಮರಗಳನ್ನು ಬೆಳೆಸಿದರು. 1908ರಲ್ಲಿ ಸಸ್ಯಶಾಸ್ತ್ರಜ್ಞ ಸ್ಟೀಫನ್ ಟ್ರಾಯ್ಟ್ ಡನ್ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ, ಅಲ್ಲಿ ಗವರ್ನರ್ ಆಗಿದ್ದ ಹೆನ್ರಿ ಬ್ಲೇಕ್ ಅವರ ಹೆಸರಿನಿಂದ ಬೌಹಿನಿಯಾ ಬ್ಲೇಕಿಯಾನಾ ಎಂದು ಕರೆದರು. ಅದು ಕಾಯಿ ಕಟ್ಟುವುದಿಲ್ಲ. ಆದ್ದರಿಂದ ಇಂದು ಲೋಕದಲ್ಲಿರುವ ಅದರ ಮರಗಳೆಲ್ಲವೂ ಆ ಒಂದೇ ಮರದ ಕಡ್ಡಿ ಅಥವಾ ಕಸಿಯಿಂದ ಬಂದವು. ಅದು ಎರಡು ಬೇರೆ ಮಂದಾರಗಳ ಬೆರಕೆ ಎಂಬುದನ್ನು 2005ರಲ್ಲಿ ವಂಶವಾಹಿ ಪರೀಕ್ಷೆಯಿಂದ ಖಚಿತಪಡಿಸಿದರು. 1997ರಿಂದ ಹಾಂಗ್‌ಕಾಂಗಿನ ಬಾವುಟದ ಮೇಲೆ ಇರುವ ಐದೆಸಳಿನ ಬಿಳಿ ಹೂ ಅದರದೇ ರೂಪ. ಕಾಯಿ ಕಟ್ಟದ ಮರವೊಂದು ಕಡ್ಡಿಯಿಂದ ಕಡ್ಡಿಗೆ ದಾಟಿ ಕೊಡಗಿನ ಅಂಗಳಕ್ಕೆ ಬಂದಿದೆ ಎಂದು ನಾನು ನಾಲ್ಕು ತಿಂಗಳು ಬೀಗುತ್ತಿದ್ದೆ. ತಗಡಿನ ಮೇಲೆ ಬಿದ್ದ ಒಂದು ಕಾಯಿ ಆ ಬೀಗುವಿಕೆಯನ್ನು ಮುಗಿಸಿತು. ಕಾಯಿ ಬಿಟ್ಟ ಮೇಲೆ ಅದು ಹಾಂಗ್‌ಕಾಂಗಿನದಲ್ಲ. ಹಾಗಾದರೆ ಯಾವುದು?

ನಮ್ಮ ಕಡೆ ಮರದ ಹೆಸರು ತಿಳಿಯದಿದ್ದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರನ್ನು ಕೇಳುವುದು ರೂಢಿ. ಪಕ್ಕದ ತೋಟದ ರೈಟರು ಮೂವತ್ತು ವರ್ಷ ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಸವರುವ ಕೆಲಸ, ಮಾಡಿಸಿದವರು. ತೊಗಟೆಗೆ ಕತ್ತಿಯಿಂದ ಒಂದು ಗೀರು ಹಾಕಿ, ರಕ್ತದಂತಹ ರಸ ಒಸರಿದರೆ ಹೊನ್ನೆ, ಹಾಲು ಒಸರಿದರೆ ಅತ್ತಿಯ ಕಡೆಯದು ಎಂದು ನಿಂತ ನಿಲುವಿನಲ್ಲೇ ಹೇಳುವವರು. ನಂದಿ, ಮತ್ತಿ, ಬೀಟೆ, ಹೆಬ್ಬಲಸು, ಎಲ್ಲವನ್ನೂ ಎಲೆಯಿಲ್ಲದಾಗಲೂ ಗುರುತಿಸಬಲ್ಲರು. ಅವರು ನಮ್ಮ ಮರದ ಬೂದುಬಣ್ಣದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ, ನಕ್ಕು, "ಹೂವಿನ ಗಿಡಕ್ಕೆಲ್ಲ ಹೆಸರು ಯಾರು ಕೇಳುತ್ತಾರೆ ಅಕ್ಕಾ, ಮಂದಾರ ಅನ್ನಿ ಸಾಕು" ಎಂದರು. ಅವರ ಮಾತು ನನಗೆ ಆಗ ಉದಾಸೀನದಂತೆ ಕೇಳಿಸಿತಾದರೂ ಆಮೇಲೆ ಯೋಚಿಸಿದಾಗ ಅದರ ಲೆಕ್ಕ ಅರ್ಥವಾಯಿತು. ಕೊಡಗಿನಲ್ಲಿ ಮರದ ಹೆಸರು ಕಾಗದಪತ್ರದ ವಿಷಯ. ತೋಟದ ಮರಗಳ ಪಟ್ಟಿ, ನಾಟಾ, ಕಡಿಯುವ ಅನುಮತಿ, ಯಾವ ಜಮೀನಿನ ಮರದ ಮೇಲೆ ಯಾರ ಹಕ್ಕು ಎಂಬ ತಲೆಮಾರುಗಳ ತಕರಾರು, ಇವೆಲ್ಲ ಹೆಸರಿನ ಮೇಲೆಯೇ ನಿಂತಿವೆ. ನಾಟಾ ಆಗದ, ನೆರಳಿಗೂ ಒದಗದ, ಮೆಣಸಿನ ಬಳ್ಳಿಗೂ ಆಸರೆಯಾಗದ ಒಂದು ಅಲಂಕಾರದ ಮರ ಆ ಪಟ್ಟಿಯೊಳಗೆ ಬರುವುದೇ ಇಲ್ಲ. ತೊಗಟೆಯಿಂದ ಕಾಡನ್ನೇ ಓದುವವರಿಗೆ ಅಂಗಳದ ಮರ ಬರಿ 'ಹೂವಿನ ಗಿಡ'.

ತೊಗಟೆ ಉತ್ತರ ಕೊಡದಿದ್ದಾಗ ಎಲೆಗೆ ಬಂದೆ. ಈ ಎಲೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅಂಗೈಯಷ್ಟು ಅಗಲದ ಎಲೆ ತುದಿಯಿಂದ ಸೀಳಿ ಎರಡು ಹೋಳಾಗಿರುತ್ತದೆ. ಸೀಳು ಮುಗಿಯುವಲ್ಲಿ, ನಡುನರದ ಕೊನೆಯಲ್ಲಿ, ಕೂದಲಿನಷ್ಟು ತೆಳುವಾದ ಒಂದು ಮೊನೆ ಚಾಚಿಕೊಂಡಿರುತ್ತದೆ. ಸಂಜೆಯಾದಾಗ ಎರಡು ಹೋಳುಗಳೂ ನಡುನರದ ಮೇಲೆ ಪುಸ್ತಕದಂತೆ ಮಡಚಿಕೊಳ್ಳುತ್ತವೆ. ಕನ್ನಡದಲ್ಲಿ ಬಸವನಪಾದ ಎಂಬ ಹೆಸರು ಬಂದಿರುವುದು ದನದ ಗೊರಸಿನಂತಹ ಈ ಆಕಾರದಿಂದ. ಸಂಸ್ಕೃತದಲ್ಲಿ ಇಂತಹ ಮರಕ್ಕೆ ಕೋವಿದಾರ ಎಂಬ ಹೆಸರಿದೆ; ಅಮರಕೋಶ ಅದಕ್ಕೆ ಕೊಡುವ ಪರ್ಯಾಯ ಹೆಸರುಗಳಲ್ಲಿ 'ಯುಗಪತ್ರಕ' ಎಂಬುದೂ ಒಂದು. ಜೋಡಿ ಎಲೆಯದು ಎಂದು ಅರ್ಥ. ಯೂರೋಪಿನವರಿಗೂ ಇದೇ ಕಂಡಿದೆ. ಜಾನ್ ಮತ್ತು ಕ್ಯಾಸ್ಪರ್ ಬೌಹಿನ್ ಎಂಬ ಅಣ್ಣತಮ್ಮಂದಿರಿಬ್ಬರೂ ಸಸ್ಯಶಾಸ್ತ್ರಜ್ಞರು. ಬುಡದಲ್ಲಿ ಕೂಡಿ ತುದಿಯಲ್ಲಿ ಬೇರೆಯಾದ ಈ ಎಲೆಯ ಗಿಡಗಳ ಕುಲಕ್ಕೆ ಅವರಿಬ್ಬರ ನೆನಪಿನಲ್ಲಿ ಬೌಹಿನಿಯಾ ಎಂದು ಹೆಸರಿಟ್ಟರು. ಆ ತಮ್ಮ ಕ್ಯಾಸ್ಪರ್ 1623ರಲ್ಲಿ ಪ್ರಕಟಿಸಿದ ಗ್ರಂಥದ ಕೆಲಸವೇ, ಒಂದೇ ಗಿಡಕ್ಕೆ ಬೇರೆ ಬೇರೆಯವರು ಇಟ್ಟ ಹೆಸರುಗಳ ಗೋಜಲನ್ನು ಬಿಡಿಸಿ ಸುಮಾರು 6,000 ಸಸ್ಯಗಳನ್ನು ಒಂದು ಕ್ರಮಕ್ಕೆ ತರುವುದು. ಅವರ ಹೆಸರು ಹೊತ್ತ ಗಿಡವೇ ಇಷ್ಟೊಂದು ಗೋಜಲಿಗೆ ಸಿಕ್ಕಿದೆಯಲ್ಲ ಎಂದು ನನಗೆ ನಗು ಬಂತು.

ಎಲೆಯ ತೊಂದರೆ ಏನೆಂದರೆ ಅದು ಕುಲವನ್ನು ಹೇಳುತ್ತದೆ, ಪ್ರಭೇದವನ್ನು ಹೇಳುವುದಿಲ್ಲ. ಸೀಳು ಎಲೆಯ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಇಳಿದಿದ್ದರೆ ಒಂದು ಜಾತಿ, ಅದಕ್ಕಿಂತ ಕಡಿಮೆಯಿದ್ದರೆ ಇನ್ನೊಂದು. ಬುಡದಿಂದ ಹೊರಡುವ ನರಗಳು ಕಡಿಮೆಯಿದ್ದರೆ ಒಂದು, ಹೆಚ್ಚಿದ್ದರೆ ಮತ್ತೊಂದು. ಕಾಗದದ ಮೇಲೆ ಇದು ಸ್ಪಷ್ಟವಾಗಿಯೇ ಇದೆ. ಐದು ಎಲೆ ಕಿತ್ತು ಬೆಳಕಿಗೆ ಹಿಡಿದು ನರಗಳನ್ನು ಎಣಿಸಿದೆ: ಮೂರರಲ್ಲಿ 9, ಎರಡರಲ್ಲಿ 11. ಸೀಳಿನ ಆಳವೂ ಎಲೆಯಿಂದ ಎಲೆಗೆ ಬೇರೆ. ಬುಡದ ಚಿಗುರಿನಲ್ಲಿ ಒಂದು ಬಗೆ, ಮೇಲಿನ ಕೊಂಬೆಯಲ್ಲಿ ಒಂದು ಬಗೆ. ಎಲೆಯನ್ನು ಮಾತ್ರ ನಂಬಿ ತೀರ್ಪು ಕೊಡುವುದು ಸರಿಯಲ್ಲ ಎನಿಸಿತು.

ಫೋನಿನ ಆ್ಯಪನ್ನೂ ಬಿಡಲಿಲ್ಲ. ಎಲೆಯ ಚಿತ್ರಕ್ಕೆ ಒಂದು ಹೆಸರು, ಕಾಯಿಯ ಚಿತ್ರಕ್ಕೆ ಇನ್ನೊಂದು, ಹಿಂದಿನ ಅಕ್ಟೋಬರಿನಲ್ಲಿ ತೆಗೆದಿಟ್ಟಿದ್ದ ಹೂವಿನ ಚಿತ್ರಕ್ಕೆ ಮೂರನೆಯದು. ಮೂರನೆಯದು ಹಾಂಗ್‌ಕಾಂಗಿನದೇ. ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ನನ್ನ ತಪ್ಪು ನನಗೇ ಕಂಡಿತು: ಮರವೆಲ್ಲ ಬಣ್ಣವಾಗಿ ಕಾಣಲಿ ಎಂದು ದೂರದಿಂದ ತೆಗೆದ ಚಿತ್ರ ಅದು, ಹೂವಿನ ಒಳಗೆ ಏನಿದೆ ಎಂಬುದು ಅದರಲ್ಲಿ ಇರಲೇ ಇಲ್ಲ. ನಾನು ತೆಗೆದದ್ದು ಬಣ್ಣದ ಚಿತ್ರ, ಆ್ಯಪ್ ಹೇಳಿದ್ದು ಬಣ್ಣದ ಹೆಸರು.

ಬಣ್ಣದಿಂದ ಹೆಸರಿಡುವ ಚಾಳಿ ಇಂದಿನದಲ್ಲ. ಕೊಡಗಿನ ಘಟ್ಟದ ಕೆಳಗಿನ ಮಲಬಾರಿನಲ್ಲಿ ಡಚ್ ಅಧಿಕಾರಿ ವಾನ್ ರೀಡ್ ಅಲ್ಲಿನ ವೈದ್ಯರಿಂದ ಕೇಳಿ ಬರೆಸಿದ 'ಹೋರ್ಟಸ್ ಮಲಬಾರಿಕಸ್' ಗ್ರಂಥದ ಮೊದಲ ಸಂಪುಟ 1678ರಲ್ಲಿ ಬಂತು. ಅದರಲ್ಲಿ ಚೋವನ್ನ ಮಂದಾರು, ವೆಳುತ್ತ ಮಂದಾರು ಎಂದು ಮಂದಾರಗಳು ಬಂದಿವೆ. ಕೆಂಪು, ಬಿಳಿ. ನಾವೂ ಕೆಂಪು ಮಂದಾರ, ಬಿಳಿ ಮಂದಾರ ಎನ್ನುತ್ತೇವೆ. ಪೂಜೆಗೆ ಹೂ ಕೊಯ್ಯುವವರಿಗೆ ಅದು ಸಾಕು. ಆದರೆ ಬೌಹಿನಿಯಾ ವೇರಿಗೇಟಾ ಎಂಬ ಒಂದೇ ಪ್ರಭೇದದಲ್ಲಿ ನೇರಳೆ ಹೂವಿನ ಮರವೂ ಇದೆ, ಅಚ್ಚ ಬಿಳಿ ಹೂವಿನ ಮರವೂ ಇದೆ. ಇನ್ನೊಂದು ಕಡೆ ಬೇರೆ ಬೇರೆ ಮೂರು ಬಗೆಯ ಮರಗಳು ಗುಲಾಬಿ-ನೇರಳೆಯ ಒಂದೇ ಛಾಯೆಯಲ್ಲಿ ಅರಳುತ್ತವೆ. ಬಣ್ಣ ಒಂದೇ ಮನೆಯವರನ್ನು ಬೇರೆ ಮಾಡುತ್ತದೆ, ಬೇರೆ ಮನೆಯವರನ್ನು ಒಂದು ಮಾಡುತ್ತದೆ. ಸಸ್ಯಶಾಸ್ತ್ರದವರು ಇಲ್ಲಿ ನಂಬುವುದು ಕೇಸರಗಳ, ಅಂದರೆ ಹೂವಿನ ನಡುವಿನ ಪರಾಗದ ಎಳೆಗಳ, ಸಂಖ್ಯೆಯನ್ನು, ಅದರಲ್ಲೂ ಪರಾಗ ಹೊತ್ತ, ಪೂರ್ತಿ ಬೆಳೆದ ಕೇಸರಗಳನ್ನು. ಹೆಸರೇ ಹೇಳುವಂತೆ ಬೌಹಿನಿಯಾ ಮೊನಾಂಡ್ರಾದಲ್ಲಿ ಒಂದು. ಪರ್ಪ್ಯೂರಿಯಾದಲ್ಲಿ ಸಾಮಾನ್ಯವಾಗಿ ಮೂರು. ವೇರಿಗೇಟಾದಲ್ಲಿ ಐದು. ಪೊದೆಯಾಗಿ ಬೆಳೆಯುವ ಬಿಳಿ ಹೂವಿನ ಅಕ್ಯುಮಿನೇಟಾದಲ್ಲಿಯೂ ಹಳದಿ ಹೂವಿನ ಟೊಮೆಂಟೋಸಾದಲ್ಲಿಯೂ ಹತ್ತು. ಹಾಂಗ್‌ಕಾಂಗಿನ ಬೆರಕೆಯಲ್ಲಿ ಐದು. ಪರ್ಪ್ಯೂರಿಯಾ ಮತ್ತು ವೇರಿಗೇಟಾ ಎರಡಕ್ಕೂ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಹೆಸರಿಟ್ಟದ್ದು 1753ರಲ್ಲಿ. ಅಂದರೆ ಈ ಎಣಿಕೆಗೆ ಸಾಕಷ್ಟು ವಯಸ್ಸಾಗಿದೆ.

ಎಣಿಸೋಣವೆಂದರೆ ಫೆಬ್ರವರಿಯಲ್ಲಿ ಮರದ ಮೇಲೆ ಒಂದು ಹೂವೂ ಇಲ್ಲ. ಅಕ್ಟೋಬರಿನವರೆಗೆ ಕಾಯಬೇಕಿತ್ತು.

ಕಾಯುವ ನಡುವೆ ಒಂದು ಉಪಕಾರವಾಯಿತು. ಮಾರ್ಚಿನಲ್ಲಿ, ಹೂಮಳೆ ಬಿದ್ದು ಕಾಫಿ ಅರಳಿ ಊರೆಲ್ಲ ಮಲ್ಲಿಗೆಯಂತೆ ಕಮ್ಮಗಾಗಿದ್ದ ವಾರ, ಯಾವುದೋ ಕೆಲಸಕ್ಕೆ ಕುಶಾಲನಗರಕ್ಕೆ ಹೋಗಿದ್ದೆ. ಅದು ನಮಗಿಂತ ತಗ್ಗಿನ, ಬಿಸಿಲು ಹೆಚ್ಚಿನ ಜಾಗ. ಅಲ್ಲಿ ರಸ್ತೆಬದಿಯ ಒಂದು ಕಾಂಪೌಂಡಿನೊಳಗೆ ಒಂದು ಮಂದಾರ ಹೂ ತುಂಬಿ ನಿಂತಿತ್ತು, ಕೊಂಬೆಯ ಮೇಲೆ ಹೆಸರಿಗೂ ಎಲೆಯಿಲ್ಲ. ಅದೇ ದಿನ ನಮ್ಮ ಮರದಲ್ಲಿ ಎಲೆ ತುಂಬಿತ್ತು, ಒಣಗಾಯಿ ನೇತಾಡುತ್ತಿತ್ತು, ಹೂವಿರಲಿಲ್ಲ. ಮನೆಯವರನ್ನು ಕೇಳಿ ಬಿದ್ದ ಹೂಗಳಲ್ಲಿ ನಾಲ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡೆ. ಅವರು ಪೂಜೆಗೆಂದು ತಿಳಿದು ಮರದಿಂದಲೇ ಇನ್ನೂ ಎರಡು ಕಿತ್ತುಕೊಟ್ಟರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಬಿಡಿಸಿ ನೋಡಿದೆ. ಅಗಲವಾದ ಎಸಳುಗಳು, ಒಂದರ ಅಂಚು ಇನ್ನೊಂದರ ಮೇಲೆ ಏರಿಕೊಂಡಿವೆ. ಒಳಗೆ ಐದು ಕೇಸರ. ಆರು ಹೂವಿನಲ್ಲಿಯೂ ಐದೇ. ಎಲೆ ಉದುರಿಸಿ, ಮಾರ್ಚಿನಲ್ಲಿ, ಐದು ಕೇಸರದ ಹೂ ಬಿಟ್ಟಿದ್ದ ಅದು ವೇರಿಗೇಟಾ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಎರಡು ಮರಗಳ ಪಂಚಾಂಗವೇ ಬೇರೆ ಎಂಬುದು ನನಗೆ ಹೊಳೆದದ್ದು ಆಗ. ಮರವನ್ನು ನೋಡಿದ ತಿಂಗಳೂ ಅದರ ಲಕ್ಷಣಗಳಲ್ಲಿ ಒಂದು.

ಹಾಗೆ ನೋಡಿದರೆ ಕೊಡಗಿನಲ್ಲಿ ಹೂವನ್ನು ತಿಂಗಳಿನಿಂದ ಗುರುತಿಸುವುದು ಹೊಸದೇನಲ್ಲ. ಸೆಪ್ಟೆಂಬರ್ ಆರಂಭದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಕೋವಿಯ ತುದಿಗೆ ಸಿಕ್ಕಿಸುವ ತೋಕ್ ಪೂವನ್ನು, ಅಂದರೆ ಕೋವಿ ಹೂವನ್ನು, ಯಾರೂ ಪುಸ್ತಕ ನೋಡಿ ಹುಡುಕುವುದಿಲ್ಲ. ಆ ಹೊತ್ತಿಗೆ ಬೇಲಿಯ ಮೇಲೆ ಬೆಂಕಿಯಂತೆ ಕೆಂಪು-ಹಳದಿಯಾಗಿ ಅರಳುವುದು ಅದೇ, ಹೆಸರನ್ನು ಹಬ್ಬವೇ ಕೊಟ್ಟಿದೆ. ನಮ್ಮ ಮರಕ್ಕೆ ಅಂತಹ ಹಬ್ಬವಿಲ್ಲ.

ಆ ಮಳೆಗಾಲದಲ್ಲಿ ಓದಲು ಸಮಯ ಬೇಕಾದಷ್ಟಿತ್ತು. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಲಕ್ಷ್ಮಣ ಹೂಬಿಟ್ಟ ಸಾಲವೃಕ್ಷವನ್ನು ಹತ್ತಿ, ದೂರದಿಂದ ಬರುತ್ತಿರುವ ಸೈನ್ಯದ ರಥದ ಮೇಲಿನ ಕೋವಿದಾರದ ಧ್ವಜವನ್ನು ಕಂಡು ಇದು ಭರತನದು ಎಂದು ಗುರುತಿಸುತ್ತಾನೆ. ಆ ಕೋವಿದಾರ ಯಾವ ಬೌಹಿನಿಯಾ ಎಂಬುದರಲ್ಲಿ, ಅದೂ ಕಾಂಚನಾರವೂ ಒಂದೆಯೋ ಬೇರೆಯೋ ಎಂಬುದರಲ್ಲಿ, ಬಲ್ಲವರಲ್ಲೇ ಒಮ್ಮತವಿಲ್ಲ. ಕೆಲವರು ಪರ್ಪ್ಯೂರಿಯಾ ಎನ್ನುತ್ತಾರೆ, ಕೆಲವರು ವೇರಿಗೇಟಾ. ಕಾಂಚನಾರದ ತೊಗಟೆ ಆಯುರ್ವೇದದ ಔಷಧಕ್ಕೆ ಹೋಗುವುದರಿಂದ ಅವರಿಗೆ ಈ ಚರ್ಚೆ ನನ್ನಂತೆ ಬಿಡುವಿನ ಹವ್ಯಾಸವಲ್ಲ. ನನಗೆ ಹಿಡಿಸಿದ್ದು ಬೇರೆ: ಲಕ್ಷ್ಮಣ ಮರವನ್ನು ಸರಿಯಾಗಿಯೇ ಗುರುತಿಸಿದ, ಬಂದವನ ಉದ್ದೇಶವನ್ನು ಮಾತ್ರ ತಪ್ಪಾಗಿ ಓದಿದ.

ಅಕ್ಟೋಬರ್ ಬಂತು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದವರು ತೀರ್ಥದ ಬಾಟಲಿ ಹಿಡಿದು ಹಿಂತಿರುಗುತ್ತಿದ್ದ ದಿನಗಳಲ್ಲಿ ಮರದ ತುದಿಕೊಂಬೆಗಳಲ್ಲಿ ಮೊಗ್ಗು ಕಾಣಿಸಿತು. ಮೊಗ್ಗೇ ಅರ್ಧ ಉತ್ತರ ಹೇಳಿತು. ವೇರಿಗೇಟಾದ ಮೊಗ್ಗು ನುಣುಪಾಗಿ, ಕದಿರಿನಂತೆ ಇರುತ್ತದೆ. ನಮ್ಮದರಲ್ಲಿ ಬೆರಳಾಡಿಸಿದರೆ ಉದ್ದಕ್ಕೆ ಏಣುಗಳು ಸಿಗುತ್ತಿದ್ದವು, ತುದಿ ಮೊಂಡು. ನಾಲ್ಕು ದಿನ ಬಿಟ್ಟು, ಬೆಳಗಿನ ಮಂಜು ಆರುವ ಮೊದಲೇ, ಹತ್ತು ಹೂ ಕೊಯ್ದು ಸ್ಟೀಲಿನ ತಟ್ಟೆಯಲ್ಲಿಟ್ಟುಕೊಂಡು ಜಗಲಿಯಲ್ಲಿ ಕುಳಿತೆ. ಸೂಜಿ, ಬ್ಲೇಡು, ಅತ್ತೆಯ ಪತ್ರಿಕೆ ಓದುವ ಭೂತಗನ್ನಡಿ. ಭೂತಗನ್ನಡಿ ಅವರದಾದ್ದರಿಂದ ಅವರೂ ಬಂದು ಕುಳಿತರು.

ಮೊದಲ ಹೂವನ್ನು ಬಿಡಿಸಿದೆ. ಹೊರಗಿನ ಹಸಿರು ಪಾತ್ರೆ ಒಂದು ಕಡೆಯಿಂದ ಸೀಳಿ ಹಿಂದಕ್ಕೆ ಬಾಗಿತ್ತು. ಐದು ಎಸಳು, ಪ್ರತಿಯೊಂದೂ ಕಿರಿದು, ಬುಡದಲ್ಲಿ ಕಡ್ಡಿಯಷ್ಟೇ ಸಣ್ಣದಾಗಿ ಆಮೇಲೆ ಅಗಲವಾದದ್ದು. ಆದ್ದರಿಂದ ಎಸಳಿನಿಂದ ಎಸಳಿಗೆ ನಡುವೆ ಆಚೆಗಿನ ಬೆಳಕು ಕಾಣುವಷ್ಟು ಸಂದು. ಮೇಲಿನ ಎಸಳಿನ ಮೇಲೆ ಮಾತ್ರ ಗಾಢ ನೇರಳೆಯ ಗೆರೆಗಳು, ದುಂಬಿಗೆ ದಾರಿ ತೋರಿಸುವಂಥವು. ನಡುವಿನಿಂದ ಮೇಲಕ್ಕೆ ಬಾಗಿದ, ಎಸಳಿನಷ್ಟೇ ಉದ್ದದ ಗುಲಾಬಿ ಎಳೆಗಳು, ಎಳೆಯ ತುದಿಯಲ್ಲಿ ಅಡ್ಡಕ್ಕೆ ತೂಗುವ ಪರಾಗದ ಚೀಲ. ಅವುಗಳ ಬುಡದಲ್ಲಿ ಚೀಲವಿಲ್ಲದ, ಬೆಳೆಯದೆ ನಿಂತ ಕೆಲವು ಗಿಡ್ಡ ಎಳೆಗಳೂ ಇದ್ದವು. ಅವಸರದಲ್ಲಿ ಎಣಿಸುವವರು ಎಡವುವುದು ಇವುಗಳಿಂದಲೇ, ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಇನ್ನೊಂದು ಎಳೆ ಹಸಿರಾಗಿ, ಕೇಸರಗಳ ಜೊತೆಗೇ ಬಾಗಿತ್ತು. ಬುಡದಲ್ಲಿ ಸೂಜಿಯಿಂದ ಬಿಡಿಸಿದಾಗ ರೋಮಗಳಿಂದ ಮುಚ್ಚಿದ, ಕಾಲಿನ ಮೇಲೆ ನಿಂತ ಪುಟ್ಟ ಕಾಯಿ ಸಿಕ್ಕಿತು. ಫೆಬ್ರವರಿಯಲ್ಲಿ ತಗಡಿನ ಮೇಲೆ ಬೀಳುವುದು ಇದೇ.

"ಎಷ್ಟು?" ಎಂದರು ಅತ್ತೆ.

"ಮೂರು."

"ಇನ್ನೊಂದು ನೋಡು."

ಒಂಬತ್ತು ಹೂಗಳಲ್ಲಿ ಮೂರು ಬಂತು, ಒಂದರಲ್ಲಿ ನಾಲ್ಕು. ಆ ನಾಲ್ಕನೆಯದನ್ನು ಅತ್ತೆ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, ಚೀಲದಲ್ಲಿ ಪರಾಗವಿದೆ, ಇದನ್ನು ಬಿಡುವ ಹಾಗಿಲ್ಲ ಎಂದು ತೀರ್ಪು ಕೊಟ್ಟರು. ಬಿಡಬೇಕಾಗಿಯೂ ಇರಲಿಲ್ಲ, ಪರ್ಪ್ಯೂರಿಯಾದಲ್ಲಿ ಮೂರೇ ಸಾಮಾನ್ಯವಾದರೂ ಅಲ್ಲೊಂದು ಇಲ್ಲೊಂದು ಹೂವಿನಲ್ಲಿ ನಾಲ್ಕು ಬರುವುದುಂಟು. ಹತ್ತು ಹೂ ಕೊಯ್ದದ್ದು ಒಳ್ಳೆಯದಾಯಿತು. ಕೈಗೆ ಸಿಕ್ಕ ಮೊದಲ ಹೂವೇ ನಾಲ್ಕರದಾಗಿದ್ದರೆ ನಾನು ಇನ್ನೊಂದು ವರ್ಷ ತಲೆ ಕೆಡಿಸಿಕೊಳ್ಳುತ್ತಿದ್ದೆ. ಕಿರಿದಾದ ಎಸಳು, ನಡುವಿನ ಸಂದು, ಏಣಿನ ಮೊಗ್ಗು, ಎಲೆ ತುಂಬಿರುವಾಗಲೇ ಮಳೆಗಾಲದ ಬೆನ್ನಿಗೆ ಬರುವ ಹೂ, ಮೂರು ಕೇಸರ, ಕಟ್ಟಿ ಸಿಡಿಯುವ ಕಾಯಿ. ನಮ್ಮ ಅಂಗಳದಲ್ಲಿರುವುದು ಬೌಹಿನಿಯಾ ಪರ್ಪ್ಯೂರಿಯಾ. ಅವರೆ, ತೊಗರಿ, ಹುಣಸೆಗಳ ಕುಟುಂಬದ್ದು, ಹಾಂಗ್‌ಕಾಂಗಿನ ಬೆರಕೆಗೆ ಜನ್ಮ ಕೊಟ್ಟ ಎರಡು ಮರಗಳಲ್ಲಿ ಒಂದು. ಅಂದರೆ ನರ್ಸರಿಯವರು ಮಗುವಿನ ಹೆಸರು ಹೇಳಿ ತಾಯಿಯನ್ನೋ ತಂದೆಯನ್ನೋ ಮಾರಿದ್ದರು.

ಅವರ ಮೇಲೆ ನನಗೆ ಈಗ ಅಷ್ಟೇನೂ ಸಿಟ್ಟಿಲ್ಲ. ಕೊಳ್ಳುವಾಗಲೇ ನಾನು ಬಗ್ಗಿ ಬುಡ ನೋಡಬಹುದಾಗಿತ್ತು. ಬೀಜವಿಲ್ಲದ ಮರದ ಗಿಡವನ್ನು ಕಸಿ ಕಟ್ಟಿಯೋ ಗೂಟಿ ಕಟ್ಟಿಯೋ ಕಡ್ಡಿ ಬೇರೂರಿಸಿಯೋ ಮಾಡಬೇಕು. ಕಸಿಯಾಗಿದ್ದರೆ ನೆಲದಿಂದ ಗೇಣಿನೊಳಗೆ ಕಾಂಡದಲ್ಲಿ ಗಂಟು ಇರುತ್ತದೆ. ನಮ್ಮದು ಬುಡದಿಂದ ತುದಿಯವರೆಗೆ ಗೆರೆಯೆಳೆದಂತೆ ನೇರವಾಗಿ ಎದ್ದ ಸಸಿ, ಬೀಜದಿಂದ ಬಂದದ್ದು ಎಂದು ಮೈಯೇ ಹೇಳುತ್ತಿತ್ತು. ಕಾಫಿ ಸಸಿಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲೇ ನೋಡಿ ಬೇರು ಬಾಗಿದೆ ಎಂದು ತಿರಸ್ಕರಿಸುವ ಊರಿನಲ್ಲಿದ್ದುಕೊಂಡು, ಹೂವಿನ ಗಿಡ ಎಂಬ ಸದರದಲ್ಲಿ ಅದನ್ನು ನೋಡದೆ ದುಡ್ಡು ಕೊಟ್ಟವಳು ನಾನು.

ಈ ಜೂನಿನಲ್ಲಿ ಕೊಟ್ಟಿಗೆಯ ಶೀಟಿನ ನೀರು ಬೀಳುವ ಸಾಲಿನುದ್ದಕ್ಕೂ ಎರಡು ಹೋಳಿನ ಪುಟ್ಟ ಎಲೆಗಳು ಎದ್ದಿವೆ. ಎಣಿಸಿದೆ, ಹನ್ನೊಂದು. ಐದನ್ನು ಕಿತ್ತು ತೊಟ್ಟೆಗೆ ಹಾಕಿ ಇಟ್ಟಿದ್ದೆ. ರೈಟರು ಗೊಬ್ಬರದ ಲೆಕ್ಕ ಹೇಳಲು ಬಂದವರು ಅವನ್ನು ಕಂಡು, ಕಾರ್ಮಿಕರ ಲೈನ್‌ಮನೆಯ ಎದುರಿಗೆ ನೆಡಲು ಎರಡು ಕೊಡಿ ಎಂದರು. ತೊಟ್ಟೆಯನ್ನು ಕೈಯಲ್ಲಿ ಎತ್ತಿ, ಬುಡವನ್ನೊಮ್ಮೆ ತಿರುಗಿಸಿ ನೋಡಿ, "ಇದು ಕಾಯಿ ಬಿಡುತ್ತದಾ ಅಕ್ಕಾ?" ಎಂದು ಕೇಳಿದರು.

"ಬಿಡುತ್ತದೆ ರೈಟರೇ. ಶೀಟಿನ ಮಾಡಿನಿಂದ ದೂರ ನೆಡಿಸಿ."